ಅತ್ತಿಮಬ್ಬೆಯ ಸಾವಿರ ಪ್ರತಿ, ನಮ್ಮ ಒಂದು ಹಾರ್ಡ್ ಡಿಸ್ಕ್

"ನಿಮ್ಮ ಫೋಟೋ, ಮಾರ್ಕ್ಸ್ ಕಾರ್ಡ್, ಮನೆ ಪತ್ರಗಳ ಸ್ಕ್ಯಾನ್, ಇದೆಲ್ಲಾ ಎಲ್ಲಿಟ್ಟಿದ್ದೀರಿ?" ಅಂತ ಆಫೀಸಿನಲ್ಲಿ ಯಾರನ್ನಾದರೂ ಕೇಳಿ ನೋಡಿ. "ಕ್ಲೌಡ್‌ನಲ್ಲಿದೆ ಬಿಡಿ" ಅಂತಾರೆ. ಸ್ವಲ್ಪ ಹುಷಾರಿನವರಾದರೆ "ಒಂದು ಹಾರ್ಡ್ ಡಿಸ್ಕ್‌ಗೂ ಹಾಕಿಟ್ಟಿದ್ದೀನಿ" ಅಂತಾರೆ. ಹಾಕಿದ್ದು ಯಾವಾಗ, ಆಮೇಲೆ ಒಮ್ಮೆಯಾದರೂ ತೆಗೆದು ನೋಡಿದ್ದೀರಾ ಅಂತ ಕೇಳಿದರೆ ಮಾತು ಟ್ರಾಫಿಕ್ ಕಡೆಗೋ ಅಪ್ರೈಸಲ್ ಕಡೆಗೋ ತಿರುಗುತ್ತೆ. ಕಂಪನಿಯ ಡೇಟಾಗೆ ರೆಪ್ಲಿಕಾ, ಸ್ನ್ಯಾಪ್‌ಶಾಟ್, ಡಿಸಾಸ್ಟರ್ ರಿಕವರಿ ಅಂತ ವಾರಕ್ಕೆರಡು ಮೀಟಿಂಗ್ ಮಾಡೋ ನಾವು, ಮನೆಯ ಡೇಟಾ ವಿಷಯ ಬಂದಾಗ ದೇವರ ಮೇಲೆ ಭಾರ ಹಾಕಿಬಿಡ್ತೀವಿ.

ಯಾವ ಸಾಫ್ಟ್‌ವೇರ್ ಒಳ್ಳೇದು, ಯಾವ ಡ್ರೈವ್ ಅಗ್ಗ ಅನ್ನೋ ಲೇಖನಗಳು ಬೇಕಾದಷ್ಟಿವೆ. ಅವು ಐದು ವರ್ಷಕ್ಕೆ ಹಳತಾಗುತ್ತವೆ. ಆದರೆ ಬ್ಯಾಕಪ್‌ನ ಮೂಲ ನಿಯಮಗಳು ಕಂಪ್ಯೂಟರ್‌ಗಿಂತ ಹಳೆಯವು. ಯಾರೋ ಎಲ್ಲೋ ಏನನ್ನೋ ಕಳಕೊಂಡ ಮೇಲೆ ಕಲಿತದ್ದು. ಹಾಗಾಗಿ ಇವತ್ತು ಟೂಲ್‌ಗಳನ್ನು ಪಕ್ಕಕ್ಕಿಟ್ಟು, ಒಂದು ಸಾವಿರ ವರ್ಷ ಹಿಂದಿನಿಂದ ಶುರು ಮಾಡೋಣ.

ಎಷ್ಟು ಪ್ರತಿ?

ಪಂಪ, ಪೊನ್ನ, ರನ್ನ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ನೆನಪಿದೆ ತಾನೇ? ನಡುವಿನ ಪೊನ್ನ ಹತ್ತನೇ ಶತಮಾನದವನು, ರಾಷ್ಟ್ರಕೂಟ ಚಕ್ರವರ್ತಿ ಮೂರನೇ ಕೃಷ್ಣನ ಕಾಲದವನು. ಅವನು ಬರೆದ ಎರಡು ದೊಡ್ಡ ಕೃತಿಗಳನ್ನು ನೋಡಿ. ಒಂದು ಶಾಂತಿಪುರಾಣ, ಇನ್ನೊಂದು ಭುವನೈಕ ರಾಮಾಭ್ಯುದಯ. ಶಾಂತಿಪುರಾಣವನ್ನು ಇವತ್ತು ಲೈಬ್ರರಿಗೆ ಹೋಗಿ ಓದಬಹುದು. ಭುವನೈಕ ರಾಮಾಭ್ಯುದಯದ ಇಡೀ ಹಸ್ತಪ್ರತಿ ಇವತ್ತಿನವರೆಗೂ ಸಿಕ್ಕಿಲ್ಲ. ಒಬ್ಬನೇ ಕವಿ, ಒಂದೇ ಕಾಲ, ಬರೆಯೋಕೆ ಬಳಸಿದ್ದೂ ಅದೇ ಓಲೆಗರಿ. ಆದರೂ ಒಂದು ಉಳೀತು, ಒಂದು ಹೋಯ್ತು.

ವ್ಯತ್ಯಾಸ ಎಲ್ಲಿ ಬಂತು? ಶಾಂತಿಪುರಾಣವನ್ನು ಬರೆಸಿದವರು ಮಲ್ಲಪ ಮತ್ತು ಪುನ್ನಮಯ್ಯ ಎಂಬ ಅಣ್ಣತಮ್ಮಂದಿರು. ಮಲ್ಲಪನ ಮಗಳೇ ಅತ್ತಿಮಬ್ಬೆ, ರನ್ನನಿಗೆ ಆಶ್ರಯ ಕೊಟ್ಟ ದಾನಚಿಂತಾಮಣಿ. ಅಪ್ಪ ಬರೆಸಿದ ಆ ಪುಸ್ತಕಕ್ಕೆ ಈಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು ಅಂತ ನಮ್ಮ ಸಾಹಿತ್ಯ ಚರಿತ್ರೆ ಹೇಳುತ್ತೆ. ಆಗ ಪ್ರಿಂಟಿಂಗ್ ಇರಲಿಲ್ಲ. ಪ್ರತಿಯೊಂದು ಓಲೆಯನ್ನೂ ಹದ ಮಾಡಿ, ಕಬ್ಬಿಣದ ಕಂಟದಲ್ಲಿ ಅಕ್ಷರ ಕೊರೆದು, ಮಸಿ ಬಳಿದು, ತೂತಿಗೆ ದಾರ ಪೋಣಿಸಿ ಕಟ್ಟಬೇಕು. ಇಡೀ ಒಂದು ಚಂಪೂಕಾವ್ಯವನ್ನು ಹಾಗೆ ಸಾವಿರ ಸಲ ಬರೆಸೋಕೆ ಎಷ್ಟು ಲಿಪಿಕಾರರು ಬೇಕು, ಅವರಿಗೆ ಎಷ್ಟು ದಿನದ ಊಟ ಹಾಕಬೇಕು, ಲೆಕ್ಕ ಹಾಕಿ.

ಸಾವಿರ ಪ್ರತಿ ಮಾಡಿಸಿದ್ದೊಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಶಾಂತಿಪುರಾಣ ಹದಿನಾರನೇ ತೀರ್ಥಂಕರನ ಕಥೆ. ಬಸದಿಗಳಲ್ಲಿ, ಶ್ರಾವಕರ ಮನೆಗಳಲ್ಲಿ ಅದನ್ನು ಓದೋರಿದ್ದರು. ಓಲೆ ಹಳತಾದರೆ ಹೊಸದಕ್ಕೆ ಇಳಿಸೋರಿದ್ದರು. ಇದು ಮುಖ್ಯ. ನಮ್ಮ ಹವೆಯಲ್ಲಿ ಓಲೆಗರಿಗೆ ಗೆದ್ದಲು, ಹುಳ, ಥಂಡಿ ಎಲ್ಲಾ ಶತ್ರುಗಳೇ. ಒಂದು ಕಟ್ಟು ಸಾವಿರ ವರ್ಷ ತಾನಾಗಿ ಉಳಿಯಲ್ಲ, ಪ್ರತಿಯಿಂದ ಪ್ರತಿಗೆ ದಾಟಿಕೊಂಡು ಬಂದರೆ ಮಾತ್ರ ಉಳಿಯುತ್ತೆ. ಕವಿರಾಜಮಾರ್ಗದಲ್ಲಿ ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಅಂತ ಹಿಂದಿನ ಗದ್ಯಕಾರರ ಹೆಸರು ಬರುತ್ತೆ. ಹೆಸರಿದೆ, ಪುಸ್ತಕ ಇಲ್ಲ. ನಮ್ಮ ಭಾಷೆಯಲ್ಲಿ ಫೈಲ್ ಹೋಗಿ ಬರೀ ಶಾರ್ಟ್‌ಕಟ್ ಐಕಾನ್ ಉಳಿದಂಗೆ.

ಒಂದೇ ಪ್ರತಿಯಿಂದ ಬದುಕಿದ ಪುಸ್ತಕಗಳೂ ಇವೆ ಅಂತ ನೀವು ಹೇಳಬಹುದು. ನಿಜ. ಕೌಟಿಲ್ಯನ ಅರ್ಥಶಾಸ್ತ್ರದ ಬಗ್ಗೆ ಶತಮಾನಗಳ ಕಾಲ ಬೇರೆ ಗ್ರಂಥಗಳ ಉಲ್ಲೇಖದಿಂದ ಮಾತ್ರ ಗೊತ್ತಿತ್ತು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಂದು ಓಲೆ ಕಟ್ಟು ತಂದುಕೊಟ್ಟರು. ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದೇನು ಅಂತ ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಬೇರೆ ಕಡೆಗಳಲ್ಲೂ ಹಸ್ತಪ್ರತಿ ಸಿಕ್ಕವು. ಆದರೆ ಆ ಪಂಡಿತರು ಆ ದಿನ ಮೈಸೂರಿಗೆ ಬಾರದೇ ಇದ್ದಿದ್ದರೆ? ಇದನ್ನು ಅದೃಷ್ಟ ಅಂತಾರೆ. ಅದೃಷ್ಟವನ್ನು ಯಾರೂ ಪ್ಲಾನ್ ಅಂತ ಕರೆಯಲ್ಲ.

ಎಲ್ಲೆಲ್ಲಿ ಇಡಬೇಕು?

ಪ್ರತಿಗಳ ಸಂಖ್ಯೆ ಮೊದಲ ಪಾಠ. ಎರಡನೇದು ಜಾಗದ್ದು. ಈ ಪಾಠವನ್ನು ತುಂಬಾ ದುಬಾರಿ ಬೆಲೆ ಕೊಟ್ಟು ಕಲಿತವರು ಕೊರಿಯಾದವರು.

ಕೊರಿಯಾದಲ್ಲಿ ಜೋಸೋನ್ ಅನ್ನೋ ರಾಜವಂಶ 1392ರಿಂದ ಐದು ಶತಮಾನ ಆಳಿತು. ಪ್ರತಿ ರಾಜ ಸತ್ತ ಮೇಲೆ ಅವನ ಆಳ್ವಿಕೆಯ ದಿನದಿನದ ದಾಖಲೆಯನ್ನು ಇತಿಹಾಸಕಾರರ ಒಂದು ಕಚೇರಿ ಸೇರಿಸಿ ಪುಸ್ತಕ ಮಾಡ್ತಿತ್ತು. ಇದಕ್ಕೆ ಸಿಲ್ಲೋಕ್ ಅಂತ ಹೆಸರು. ಹದಿನೈದನೇ ಶತಮಾನದಲ್ಲೇ ಅವರು ಇದರ ನಾಲ್ಕು ಪ್ರತಿ ಮಾಡಿ ನಾಲ್ಕು ಊರಲ್ಲಿ ಇಟ್ಟಿದ್ದರು. ರಾಜಧಾನಿಯಲ್ಲಿ ಒಂದು, ಚುಂಗ್ಜು, ಸೋಂಗ್ಜು, ಜೋಂಜು ಊರುಗಳಲ್ಲಿ ಒಂದೊಂದು. ನಾಲ್ಕು ಪ್ರತಿ, ನಾಲ್ಕು ಊರು. ಇವತ್ತಿನ ಯಾವ ಆಡಿಟರ್ ಬಂದರೂ ಪಾಸ್ ಮಾಡಿ ಹೋಗ್ತಾನೆ.

1592ರಲ್ಲಿ ಜಪಾನಿನ ಹಿದೆಯೋಶಿಯ ಸೈನ್ಯ ದಾಳಿ ಮಾಡಿತು. ನಾಲ್ಕರಲ್ಲಿ ಮೂರು ಪ್ರತಿ ನಾಶವಾದವು. ಯಾಕಂದ್ರೆ ನಾಲ್ಕೂ ಇದ್ದದ್ದು ದೊಡ್ಡ ಊರುಗಳಲ್ಲಿ, ಸೈನ್ಯ ಹಾದುಹೋಗೋದು ದೊಡ್ಡ ಊರುಗಳ ರಸ್ತೆಯಲ್ಲೇ. ಮ್ಯಾಪಿನಲ್ಲಿ ದೂರ ದೂರ ಕಂಡರೂ ಒಂದೇ ಅಪಾಯ ಅವುಗಳ ಬಾಗಿಲು ತಟ್ಟಬಲ್ಲದಾಗಿತ್ತು. ಉಳಿದ ಜೋಂಜು ಪ್ರತಿಯನ್ನು ಆ ಭಾಗದ ಇಬ್ಬರು ವಿದ್ವಾಂಸರು, ಅನ್ ಉಯ್ ಮತ್ತು ಸೋನ್ ಹೋಂಗ್‌ನೋಕ್, ಪೆಟ್ಟಿಗೆಗಳಲ್ಲಿ ಹೊರೆಸಿಕೊಂಡು ನೇಜಾಂಗ್ ಬೆಟ್ಟಕ್ಕೆ ಸಾಗಿಸಿ ಕಾವಲು ಕೂತರು. ಆ ಇಬ್ಬರು ಹಾಗೆ ಮಾಡದೇ ಇದ್ದಿದ್ದರೆ ಇನ್ನೂರು ವರ್ಷದ ಚರಿತ್ರೆ ಅಲ್ಲಿಗೇ ಮುಗೀತಿತ್ತು.

ಯುದ್ಧ ಮುಗಿದ ಮೇಲೆ ಅವರು ಮಾಡಿದ ಕೆಲಸ ನನಗೆ ಬಹಳ ಇಷ್ಟ. 1603ರಿಂದ 1606ರ ನಡುವೆ, ಉಳಿದ ಆ ಒಂದು ಪ್ರತಿಯಿಂದ ಮತ್ತೆ ಮೂರು ಪ್ರತಿ ಅಚ್ಚು ಹಾಕಿದರು. ಪ್ರೂಫ್ ತಿದ್ದಿದ ಹಾಳೆಗಳನ್ನೂ ಎಸೆಯದೆ ಅದನ್ನೇ ಐದನೇ ಪ್ರತಿ ಮಾಡಿಕೊಂಡರು. ಈ ಸಲ ಒಂದನ್ನು ಮಾತ್ರ ರಾಜಧಾನಿಯಲ್ಲಿಟ್ಟು, ಉಳಿದ ನಾಲ್ಕನ್ನು ರಸ್ತೆ ಹೋಗದ ಬೆಟ್ಟಗಳ ಮೇಲೆ ಇಟ್ಟರು. ಪ್ರೂಫ್ ಪ್ರತಿ ಓಡೇ ಬೆಟ್ಟಕ್ಕೆ ಹೋಯಿತು. ಮುನ್ನೂರು ವರ್ಷದ ನಂತರ, ಕೊರಿಯಾ ಜಪಾನಿನ ಕೈಯಲ್ಲಿದ್ದಾಗ, ಅದೇ ಪ್ರತಿಯನ್ನು 1913ರಲ್ಲಿ ಟೋಕಿಯೋ ವಿಶ್ವವಿದ್ಯಾಲಯಕ್ಕೆ ಒಯ್ದರು. 1923ರ ಸೆಪ್ಟೆಂಬರ್ 1ರ ಭೂಕಂಪದ ಬೆಂಕಿಯಲ್ಲಿ ಅದರ ಬಹುಪಾಲು ಸುಟ್ಟುಹೋಯಿತು. ಪುಸ್ತಕಗಳು ಹೋದವು, ಆದರೆ ಚರಿತ್ರೆ ಹೋಗಲಿಲ್ಲ. ಬೇರೆ ಪ್ರತಿಗಳಿದ್ದವು. 1997ರಲ್ಲಿ ಯುನೆಸ್ಕೋ ಈ ಸಿಲ್ಲೋಕ್ ಅನ್ನು ವಿಶ್ವದ ನೆನಪು ಪಟ್ಟಿಗೆ ಸೇರಿಸಿತು.

ಈ ಕಥೆ ನಮಗೆ ಯಾಕೆ ಬೇಕು ಅಂತೀರಾ? ನನ್ನ ಟೀಮಿನಲ್ಲಿ ಒಬ್ಬ ಹುಡುಗನಿದ್ದ. ಬಹಳ ಶಿಸ್ತಿನವನು. ಲ್ಯಾಪ್‌ಟಾಪಿನಲ್ಲಿದ್ದ ಎಲ್ಲವನ್ನೂ ತಿಂಗಳಿಗೊಮ್ಮೆ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡ್ತಿದ್ದ. ಒಂದು ಸಲ ಹಬ್ಬ ಮುಗಿಸಿ ರಾತ್ರಿ ಬಸ್ಸಿನಲ್ಲಿ ವಾಪಸ್ ಬರುವಾಗ ಬ್ಯಾಗ್ ಕಳುವಾಯಿತು. ಲ್ಯಾಪ್‌ಟಾಪ್ ಅದರಲ್ಲಿತ್ತು, ಹಾರ್ಡ್ ಡಿಸ್ಕ್ ಕೂಡ ಅದರಲ್ಲೇ ಇತ್ತು. ಲ್ಯಾಪ್‌ಟಾಪ್ ಹೋಗಿದ್ದಕ್ಕೆ ಅವನು ಅಷ್ಟು ಬೇಜಾರು ಮಾಡ್ಕೊಳ್ಳಲಿಲ್ಲ. ತೀರಿಕೊಂಡ ಅವರಪ್ಪ ಊರ ಜಾತ್ರೆಯಲ್ಲಿ ತಮಟೆ ಬಡಿಯೋ ಒಂದು ವಿಡಿಯೋ ಇತ್ತಂತೆ, ಅವರ ದನಿ ಇದ್ದದ್ದು ಅದೊಂದರಲ್ಲೇ. ಅದನ್ನು ಹೇಳುವಾಗ ಕ್ಯಾಂಟೀನಿನಲ್ಲಿ ಟೀ ಹಿಡಿದುಕೊಂಡು ಸುಮ್ಮನೆ ಕೂತುಬಿಟ್ಟ. ನಮಗೂ ಏನು ಹೇಳಬೇಕೋ ತೋಚಲಿಲ್ಲ. ಎರಡು ಪ್ರತಿ, ಒಂದು ಬ್ಯಾಗು. ಜೋಸೋನ್ ರಾಜರ ನಾಲ್ಕು ಊರಿನ ತಪ್ಪೂ ಇದೇ ಜಾತಿಯದು.

ತೆರೆದು ನೋಡಿದ್ದೀರಾ?

ಸಿಲ್ಲೋಕ್ ಕಥೆಯಲ್ಲಿ ಇನ್ನೊಂದು ಸಣ್ಣ ವಿಷಯವಿದೆ. ಬೆಟ್ಟದ ಮೇಲಿಟ್ಟು ಬೀಗ ಜಡಿದು ಅವರು ಸುಮ್ಮನಾಗಲಿಲ್ಲ. ಕೆಲವು ವರ್ಷಕ್ಕೊಮ್ಮೆ ರಾಜಧಾನಿಯಿಂದ ಅಧಿಕಾರಿಗಳು ಬಂದು, ಪೆಟ್ಟಿಗೆ ತೆಗೆದು, ಪುಸ್ತಕಗಳನ್ನು ಗಾಳಿಗೆ ಹರಡಿ, ಥಂಡಿ ಆರಿಸಿ, ಪಟ್ಟಿಯ ಜೊತೆ ತಾಳೆ ನೋಡಿ, ಮತ್ತೆ ಕಟ್ಟಿಟ್ಟು ಹೋಗ್ತಿದ್ದರು. ಹಾಗೆ ತೆಗೆದು ನೋಡಿದ್ದಕ್ಕೂ ಒಂದು ದಾಖಲೆ ಬರೆದಿಡ್ತಿದ್ದರು.

ಈಗ ನಮ್ಮ ಕಾಲಕ್ಕೆ ಬನ್ನಿ. 1998ರಲ್ಲಿ ಪಿಕ್ಸಾರ್ ಕಂಪನಿ ಟಾಯ್ ಸ್ಟೋರಿ 2 ಸಿನಿಮಾ ಮಾಡ್ತಿತ್ತು. ಯಾರೋ ಸರ್ವರ್‌ನಲ್ಲಿ ಒಂದು ಡಿಲೀಟ್ ಕಮಾಂಡ್ ಕೊಟ್ಟರು. ಸಿನಿಮಾದ ಪಾತ್ರಗಳು ಒಂದೊಂದಾಗಿ ಕಣ್ಣೆದುರೇ ಮಾಯವಾಗತೊಡಗಿದವು. ಬ್ಯಾಕಪ್ ಇದೆಯಲ್ಲ ಅಂತ ಧೈರ್ಯವಾಗಿ ತೆಗೆದು ನೋಡಿದರೆ, ಆ ಬ್ಯಾಕಪ್ ಸುಮಾರು ಒಂದು ತಿಂಗಳಿಂದ ಸರಿಯಾಗಿ ಆಗೇ ಇರಲಿಲ್ಲ. ಕಡೆಗೆ ಕಾಪಾಡಿದ್ದು ಗಾಲಿನ್ ಸಸ್ಮನ್ ಎಂಬ ತಾಂತ್ರಿಕ ನಿರ್ದೇಶಕಿ. ಆಕೆಗೆ ಆಗಷ್ಟೇ ಮಗು ಆಗಿತ್ತು. ಮನೆಯಿಂದ ಕೆಲಸ ಮಾಡೋಕೆ ಒಂದು ಪ್ರತಿ ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿ ಕೂಸನ್ನು ಕರಕೊಂಡು ಹೋದಂಗೆ ಆಫೀಸಿಗೆ ತಂದರು.

2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಆದದ್ದನ್ನು ನಮ್ಮ ಫೀಲ್ಡಿನವರು ಮರೆಯೋ ಹಾಗಿಲ್ಲ. ರಾತ್ರಿ ಹೊತ್ತಿನಲ್ಲಿ, ಸುಸ್ತಾಗಿದ್ದ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಫೋಲ್ಡರ್ ಅಳಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಅವರ ಹತ್ತಿರ ಐದು ಥರದ ಬ್ಯಾಕಪ್ ವ್ಯವಸ್ಥೆ ಇತ್ತು, ಐದರಲ್ಲಿ ಒಂದೂ ನೆಟ್ಟಗೆ ಕೆಲಸಕ್ಕೆ ಬರಲಿಲ್ಲ. ದಿನನಿತ್ಯದ ಬ್ಯಾಕಪ್ ಹೋಗಿ ಕೂರಬೇಕಿದ್ದ ಜಾಗ ಖಾಲಿ ಇತ್ತು. ವರ್ಷನ್ ಹೊಂದದೆ ಆ ಪ್ರೋಗ್ರಾಂ ಪ್ರತಿದಿನ ಫೇಲ್ ಆಗ್ತಿತ್ತು. ಫೇಲ್ ಆಯ್ತು ಅಂತ ತಿಳಿಸೋ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸ್ತಿತ್ತು, ಯಾರಿಗೂ ತಲುಪಿರಲಿಲ್ಲ. ಅದೃಷ್ಟಕ್ಕೆ, ಬೇರೆ ಯಾವುದೋ ಕೆಲಸಕ್ಕೆ ಅಂತ ಆರು ಗಂಟೆ ಮುಂಚೆ ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಸಿಕ್ಕಿತು. ಆರು ಗಂಟೆಯ ಡೇಟಾ ಹೋಯಿತು, ಉಳಿದದ್ದು ವಾಪಸ್ ಬಂತು. ಆ ಕಂಪನಿ ಇದನ್ನೆಲ್ಲಾ ಮುಚ್ಚಿಡದೆ ಬರೆದು ಪ್ರಕಟಿಸಿತು. ಅದಕ್ಕೇ ನಮಗೆ ಇಷ್ಟು ವಿವರ ಗೊತ್ತು.

ಎರಡೂ ಕಡೆ ಬುದ್ಧಿವಂತರಿದ್ದರು, ದುಡ್ಡಿತ್ತು, ಬ್ಯಾಕಪ್ಪೂ ಇತ್ತು. ಪೆಟ್ಟಿಗೆ ತೆಗೆದು ಗಾಳಿಗೆ ಹರಡೋ ಅಧಿಕಾರಿ ಮಾತ್ರ ಇರಲಿಲ್ಲ.

ಹಾಗಾದರೆ ಕ್ಲೌಡ್ ಸಾಲದಾ?

ಕ್ಲೌಡ್ ಬೇಡ ಅಂತ ನಾನು ಹೇಳಲ್ಲ. ನಾನೂ ಬಳಸ್ತೀನಿ. ಆದರೆ ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಅಂದ್ರೆ ಕನ್ನಡಿ ಇದ್ದ ಹಾಗೆ. ಫೋನಿನಲ್ಲಿ ಮಗು ಒಂದು ಆಲ್ಬಮ್ ಅಳಿಸಿದರೆ ಕನ್ನಡಿಯಲ್ಲೂ ಅಳಿಸುತ್ತೆ. ಕಸದ ಬುಟ್ಟಿಯಲ್ಲಿ ಸ್ವಲ್ಪ ದಿನ ಇದ್ದು ಆಮೇಲೆ ಅಲ್ಲಿಂದಲೂ ಹೋಗುತ್ತೆ. 2019ರಲ್ಲಿ ಮೈಸ್ಪೇಸ್ ಕಂಪನಿ, 2003ರಿಂದ 2015ರವರೆಗೆ ಜನ ಅಪ್‌ಲೋಡ್ ಮಾಡಿದ್ದ ಹಾಡುಗಳು ಸರ್ವರ್ ಬದಲಿಸುವಾಗ ಹೋದವು ಅಂತ ಒಪ್ಪಿಕೊಂಡಿತು. ಹನ್ನೆರಡು ವರ್ಷದ ಹಾಡು! ಅಲ್ಲೇ ಇದೆಯಲ್ಲ ಅಂತ ಮನೆಯಲ್ಲಿ ಪ್ರತಿ ಇಟ್ಟುಕೊಳ್ಳದ ಹುಡುಗರ ಬ್ಯಾಂಡ್‌ಗಳು ಎಷ್ಟಿದ್ದವೋ.

ಗೂಗಲ್ ವಿಷಯ ಇದಕ್ಕೆ ಉಲ್ಟಾ. 2011ರ ಫೆಬ್ರವರಿಯಲ್ಲಿ ಒಂದು ಸಾಫ್ಟ್‌ವೇರ್ ಬಗ್‌ನಿಂದ ಕೆಲವರ ಜಿಮೇಲ್ ಪೂರ್ತಿ ಖಾಲಿಯಾಯಿತು. ಬೇರೆ ಬೇರೆ ಡೇಟಾ ಸೆಂಟರ್‌ನಲ್ಲಿದ್ದ ಪ್ರತಿಗಳಿಗೂ ಅದೇ ಬಗ್ ತಟ್ಟಿತ್ತು. ಕಡೆಗೆ ಅವರು ಮೇಲ್‌ಗಳನ್ನು ವಾಪಸ್ ತಂದದ್ದು ಟೇಪಿನಿಂದ. ಹೌದು, ಮ್ಯಾಗ್ನೆಟಿಕ್ ಟೇಪು. ಟೇಪು ಯಾವ ನೆಟ್‌ವರ್ಕಿಗೂ ಅಂಟಿಕೊಂಡಿರಲಿಲ್ಲ, ಹಾಗಾಗಿ ಬಗ್ ಅಲ್ಲಿಗೆ ಹೋಗೋಕಾಗಲಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನ ಉದ್ದಗಲಕ್ಕೂ ಹಬ್ಬಿ, ಬ್ರಿಟನ್ನಿನ ಆಸ್ಪತ್ರೆಗಳೂ ರೋಗಿಗಳನ್ನು ವಾಪಸ್ ಕಳಿಸೋ ಹಾಗಾದಾಗ ಎಲ್ಲರಿಗೂ ಇದೇ ಪಾಠ. ಯಾವಾಗಲೂ ಕಂಪ್ಯೂಟರಿಗೆ ಚುಚ್ಚಿಟ್ಟ ಡ್ರೈವನ್ನು ರ‍್ಯಾನ್ಸಮ್‌ವೇರ್ ಕೂಡ ನಿಮ್ಮಷ್ಟೇ ಸುಲಭವಾಗಿ ತೆರೆಯುತ್ತೆ. ಕಿತ್ತಿಟ್ಟ ಡ್ರೈವೇ ನಮ್ಮ ಬೆಟ್ಟ.

ನಾನು ಮಾಡೋದು

ಈ ಎಲ್ಲ ಪಾಠಗಳನ್ನು ಪೀಟರ್ ಕ್ರೋಗ್ ಎಂಬ ಅಮೆರಿಕದ ಫೋಟೋಗ್ರಾಫರ್ ಮೂರು ಅಂಕಿಗಳಲ್ಲಿ ಹೇಳಿದರು: 3-2-1. ಮೂರು ಪ್ರತಿ, ಎರಡು ಬೇರೆ ಥರದ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಇದಕ್ಕೆ ಕೊರಿಯಾದವರ ಗಾಳಿಗೆ ಹರಡೋ ಪದ್ಧತಿಯನ್ನು ನಾನು ಸೇರಿಸಿಕೊಂಡಿದ್ದೀನಿ.

ಮೊದಲು, ಯಾವುದು ಹೋದರೆ ಮತ್ತೆ ಸಿಗಲ್ಲ ಅಂತ ಪಟ್ಟಿ ಮಾಡಿ. ಡೌನ್‌ಲೋಡ್ ಮಾಡಿದ ಸಿನಿಮಾ ಮತ್ತೆ ಸಿಗುತ್ತೆ. ಮನೆಯವರ ಫೋಟೋ, ದನಿ, ಪತ್ರಗಳ ಸ್ಕ್ಯಾನ್, ನೀವೇ ಬರೆದದ್ದು, ಅಕೌಂಟ್‌ಗಳ ರಿಕವರಿ ಕೋಡ್, ಇವು ಸಿಗಲ್ಲ. ಇಷ್ಟನ್ನು ಒಂದೇ ಫೋಲ್ಡರಿನ ಕೆಳಗೆ ತಂದರೆ ಅರ್ಧ ಕೆಲಸ ಮುಗೀತು. ಆಮೇಲೆ ಒಂದು ಪ್ರಶ್ನೆ: ಎಷ್ಟು ದಿನದ್ದು ಹೋದರೆ ತಡ್ಕೋತೀನಿ? ಒಂದು ವಾರ ಅಂದ್ರೆ ವಾರಕ್ಕೊಮ್ಮೆ ಬ್ಯಾಕಪ್ ಸಾಕು.

ನನ್ನ ಮೊದಲ ಪ್ರತಿ ಲ್ಯಾಪ್‌ಟಾಪಿನಲ್ಲಿ. ಎರಡನೇದು ಬೆಂಗಳೂರಿನ ಮನೆಯಲ್ಲಿರೋ ಹಾರ್ಡ್ ಡಿಸ್ಕ್. ಭಾನುವಾರ ಬೆಳಗ್ಗೆ ಚುಚ್ಚಿ, ಮುಗಿದ ಮೇಲೆ ಕಿತ್ತಿಡ್ತೀನಿ. ಮ್ಯಾಕ್‌ನಲ್ಲಿ ಟೈಮ್ ಮೆಷಿನ್ ಇದೆ, ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ ಇದೆ, ಲಿನಕ್ಸ್‌ನವರಿಗೆ ಹೇಳೋದೇ ಬೇಡ. ಯಾವುದಾದರೂ ಸರಿ, ಹಳೇ ವರ್ಷನ್‌ಗಳನ್ನು ಉಳಿಸಿಕೊಳ್ಳುವಂಥದ್ದು ಇರಲಿ. ಇಲ್ಲಾಂದ್ರೆ ಇವತ್ತು ಕೆಟ್ಟ ಫೈಲು ನಿನ್ನೆಯ ಒಳ್ಳೇ ಫೈಲಿನ ಮೇಲೆ ಕೂತುಬಿಡುತ್ತೆ. ಮೂರನೇ ಪ್ರತಿ ಊರಲ್ಲಿ, ಅಮ್ಮನ ಬೀರುವಿನಲ್ಲಿ. ಯುಗಾದಿಗೆ, ದೀಪಾವಳಿಗೆ ಹೋದಾಗ ಹೊಸ ಪ್ರತಿ ಇಟ್ಟು ಹಳೇದನ್ನು ತರ್ತೀನಿ. ಕ್ಲೌಡ್ ಇದ್ದರೆ ಅದು ನಾಲ್ಕನೇದು.

ಮೊದಲ ಸಲ ಡಿಸ್ಕ್ ಒಯ್ದಾಗ ಅಮ್ಮ, "ಇದೇನ್ಲಾ ಇದು ಡಬ್ಬಿ? ಬೀರು ತುಂಬ ನಿಂದೇ ಸಾಮಾನಾಯ್ತಲ್ಲ" ಅಂದಳು. ಬಿತ್ತನೆ ರಾಗಿ ಥರ ಕಣಮ್ಮ ಅಂದೆ. ಬೇರೆ ವಿವರಣೆಯೇ ಬೇಕಾಗಲಿಲ್ಲ. ನಮ್ಮ ಕಡೆ ಬಿತ್ತನೆ ಬೀಜವನ್ನು ಊಟದ ರಾಗಿ ಜೊತೆ ಬೆರೆಸಲ್ಲ, ನೆಂಟರ ಮನೆಗೂ ಒಂದಿಷ್ಟು ಕೊಟ್ಟಿರ್ತಾರೆ. ಒಂದು ವರ್ಷ ನಮ್ಮ ಹೊಲ ಒಣಗಿದರೆ ಮಾವನ ಮನೆಯಿಂದ ಅದೇ ತಳಿ ವಾಪಸ್ ಬರುತ್ತೆ.

ಡಿಸ್ಕ್‌ಗೆ ಪಾಸ್‌ವರ್ಡ್ ಹಾಕಿದ್ದೀನಿ, ಕಳುವಾದರೂ ಯಾರೂ ಓದೋಕಾಗಬಾರದು. ಆದರೆ ಆ ಪಾಸ್‌ವರ್ಡ್ ನನ್ನ ತಲೆಯಲ್ಲಿ ಮಾತ್ರ ಇದ್ದರೆ ನಾನೇ ಒಂಟಿ ಪ್ರತಿ ಆದೆ. ಅದಕ್ಕೆ ಕಾಗದದಲ್ಲಿ ಬರೆದು, ಡಿಸ್ಕ್ ಇಲ್ಲದ ಇನ್ನೊಂದು ಊರಲ್ಲಿರೋ ತಂಗಿ ಹತ್ತಿರ ಕೊಟ್ಟಿದ್ದೀನಿ. ಹೇಗೆ ತೆರೀಬೇಕು ಅಂತ ಅವಳೊಮ್ಮೆ ತನ್ನ ಲ್ಯಾಪ್‌ಟಾಪಿನಲ್ಲಿ ಮಾಡಿ ನೋಡಿದ್ದಾಳೆ.

ಇನ್ನು ಗಾಳಿಗೆ ಹರಡೋದು. ಊರಿಂದ ತಂದ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಕಣ್ಣುಮುಚ್ಚಿ ಐದು ಫೈಲ್ ಆರಿಸಿ ತೆರೀತೀನಿ. ಒಂದು ಹಳೇ ಫೋಟೋ, ಒಂದು ವಿಡಿಯೋ, ಒಂದು ಪಿಡಿಎಫ್, ಹೀಗೆ. ಹೆಸರು ಕಂಡರೆ ಸಾಲದು, ಪೂರ್ತಿ ತೆರೀಬೇಕು, ವಿಡಿಯೋ ಓಡಬೇಕು. ತೆರೆದ ದಿನಾಂಕವನ್ನು ಡಿಸ್ಕಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಬರೀತೀನಿ. ಹತ್ತು ನಿಮಿಷದ ಕೆಲಸ. ಐದಾರು ವರ್ಷವಾದ ಡಿಸ್ಕನ್ನು, ಇನ್ನೂ ಓಡ್ತಿದ್ದರೂ, ಹೊಸದಕ್ಕೆ ಇಳಿಸ್ತೀನಿ, ಓಲೆಯಿಂದ ಓಲೆಗೆ ಇಳಿಸಿದಂಗೆ.

ನಮ್ಮ ತಾತ ಮುತ್ತಾತಂದಿರ ಒಂದು ಫೋಟೋ ಸಿಕ್ಕರೆ ಅದೇ ದೊಡ್ಡದು. ಹಳ್ಳಿಯಿಂದ ಬಂದ ನಮ್ಮಂಥವರಲ್ಲಿ ಎಷ್ಟೋ ಜನರ ಮನೆಯಲ್ಲಿ, ಅಪ್ಪ ಅಮ್ಮನ ನಗು, ದನಿ, ನಡಿಗೆ ಎಲ್ಲವೂ ದಾಖಲಾಗಿರೋದು ಇದೇ ಮೊದಲ ಸಲ. ಅದನ್ನು ಮುಂದಿನವರಿಗೆ ದಾಟಿಸೋ ಲಿಪಿಕಾರರು ಬೇರೆ ಯಾರೂ ಇಲ್ಲ, ನಾವೇ. ಮುಂದಿನ ಸಲ ಊರಿಗೆ ಹೊರಡುವಾಗ ಬ್ಯಾಗಿನಲ್ಲಿ ಒಂದು ಡಿಸ್ಕ್ ಹಾಕ್ಕೊಳ್ಳಿ, ವಾಪಸ್ ಬರುವಾಗ ಅದನ್ನು ಅಲ್ಲೇ ಬಿಟ್ಟು ಬನ್ನಿ.